ನೀರು ಕೇಳದ ತೋಟ

ನಮ್ಮ ಶಾಲೆಗಳಲ್ಲಿ ಹುಲ್ಲು ಕೀಳುವುದು ಒಂದು ಶಿಕ್ಷೆ. ನಾನು ಕಲಿಯುವಾಗಲೂ ಹಾಗೆಯೇ ಇತ್ತು. ಮನೆಲೆಕ್ಕ ಮಾಡದವರು ಸಂಜೆ ಅಂಗಳದ ಹುಲ್ಲು ಕೀಳಬೇಕು! ಹಾಗಾಗಿ 2022ರ ಜೂನ್‌ನಲ್ಲಿ ನಾನು ಮಕ್ಕಳನ್ನು ಕರೆದು "ಬನ್ನಿ, ಹುಲ್ಲು ನೆಡೋಣ" ಅಂದಾಗ ನಾಲ್ಕನೇ ತರಗತಿಯ ಹುಡುಗನೊಬ್ಬ ಕೇಳಿದ, "ಮಾಷ್ಟ್ರೇ, ನಾವು ಏನು ತಪ್ಪು ಮಾಡಿದ್ದೇವೆ?"

ನಗು ಬಂತು. ಆದರೆ ತಪ್ಪು ಮಾಡಿದವನು ನಾನೇ ಆಗಿದ್ದೆ.

ಕಾಸರಗೋಡಿನ ಒಳನಾಡಿನ ಮುರಕಲ್ಲಿನ ಗುಡ್ಡೆಯ ಮೇಲೆ ನಮ್ಮ ಶಾಲೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತಲೂ ಹೆಚ್ಚು ಮಳೆ ಸುರಿಯುವ ಊರಿದು. ಆದರೆ ಮಾರ್ಚ್ ತಿಂಗಳಲ್ಲಿ ಬಾವಿಗೆ ಕೊಡ ಇಳಿಸಿದರೆ ತಳದ ಕಲ್ಲು ತಾಗುತ್ತದೆ. ಪ್ರತಿ ಜೂನ್ 5ಕ್ಕೆ ಪರಿಸರ ದಿನವೆಂದು ಕ್ರೋಟನ್, ದಾಸವಾಳ, ಗೊಂಡೆ ಎಲ್ಲ ನೆಡುತ್ತಿದ್ದೆವು. ಏಪ್ರಿಲ್, ಮೇ ರಜೆಯಲ್ಲಿ ನೀರು ಹಾಕುವವರು ಯಾರು? ಮತ್ತೆ ಜೂನ್‌ನಲ್ಲಿ ಬಂದು ನೋಡಿದರೆ ಒಣಕಡ್ಡಿ. ಹೀಗೆಯೇ ವರ್ಷಗಳು ಕಳೆದವು.

ಒಮ್ಮೆ ಪೇಟೆಯ ನರ್ಸರಿಯಿಂದ ಫೌಂಟನ್ ಗ್ರಾಸ್ ಅಂತ ಮೂರು ಬುಡ ತಂದೆ. ನರಿಬಾಲದಂಥ ತೆನೆ, ನೋಡಲು ಬಲು ಚಂದ. "ಏನೂ ಆರೈಕೆ ಬೇಡ ಸಾರ್" ಅಂದಿದ್ದ ಅಂಗಡಿಯವ. ಬಿಸಿಲನ್ನು ಅದು ತಾಳುತ್ತಿತ್ತೇನೋ, ನಮ್ಮ ಆಟಿಯ ಮಳೆಯನ್ನು ತಾಳಲಿಲ್ಲ. ಬುಡ ಕೊಳೆತು ಹೋಯಿತು. ಆಮೇಲೆ ಓದಿ ತಿಳಿದದ್ದು: ಅದು ಆಫ್ರಿಕಾದ ಕಡೆಯ ಹುಲ್ಲು, ಹವಾಯಿ ದ್ವೀಪದ ಲಾವಾ ನೆಲದಲ್ಲೆಲ್ಲ ಹಬ್ಬಿ ಅಲ್ಲಿ ಕಾಡುಬೆಂಕಿಗೆ ಕಾರಣವಾಗುತ್ತಿದೆಯಂತೆ. ಕೊಳೆತದ್ದೇ ಒಳ್ಳೆಯದಾಯಿತು ಅಂದುಕೊಂಡೆ.

ದಾರಿ ತೋರಿಸಿದ್ದು ಒಬ್ಬಳು ವಿದ್ಯಾರ್ಥಿನಿಯ ಅಜ್ಜಿ. ಮೊಮ್ಮಗಳನ್ನು ಕರೆದೊಯ್ಯಲು ಬಂದವರು ನನ್ನ ಖಾಲಿ ಚಟ್ಟಿಗಳನ್ನು ನೋಡಿ, "ಗುಡ್ಡೆಯ ಹುಲ್ಲಿಗೆ ನೀರು ಹಾಕಿದವರು ಯಾರು ಮಾಷ್ಟ್ರೇ? ನಮ್ಮ ಮನೆ ಮಾಡಿಗೆ ವರ್ಷ ವರ್ಷ ಅದೇ ಮುಳಿ ಅಲ್ವಾ ಹೊದೆಸ್ತಾ ಇದ್ದದ್ದು" ಅಂದರು. ಹೌದಲ್ಲ! ಹೆಂಚು ಬರುವ ಮೊದಲು ಈ ಸೀಮೆಯ ಎಷ್ಟೋ ಮನೆಗಳನ್ನು ಕಾದದ್ದು ಗುಡ್ಡೆಯ ಮುಳಿಹುಲ್ಲು.

ಹಾಗೆ ನಮ್ಮ ತೋಟಕ್ಕೆ ಮೂರು ಹುಲ್ಲು ಬಂದವು. ಗುಡ್ಡೆಯಿಂದ ಮಣ್ಣು ಸಮೇತ ಕಿತ್ತು ತಂದ ಮುಳಿ, ಡಿಸೆಂಬರಿನಲ್ಲಿ ಹೊಂಬಣ್ಣಕ್ಕೆ ತಿರುಗುತ್ತದೆ. ನನ್ನ ಅಮ್ಮ ಮಜ್ಜಿಗೆಗೆ ಹಾಕುತ್ತಿದ್ದ ಮಜ್ಜಿಗೆಹುಲ್ಲು, ಮಲಯಾಳದವರ ಇಂಜಿಪುಲ್ಲು. ಮೂರನೆಯದು ಲಾವಂಚ, ಅವರ ರಾಮಚ್ಚಂ.

ಪಿಟಿಎ ಸಭೆಯಲ್ಲಿ ಗಲಾಟೆಯಾಯಿತು. "ಹುಲ್ಲು ಬೆಳೆಸಿದರೆ ಹಾವು ಬರ್ತದೆ." ಅವರ ಹೆದರಿಕೆ ಸುಳ್ಳಲ್ಲ. 2019ರಲ್ಲಿ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ತರಗತಿಯೊಳಗೇ ಹಾವು ಕಚ್ಚಿ ಒಂದು ಹೆಣ್ಣು ಮಗು ತೀರಿಕೊಂಡಿತ್ತು. ಅದನ್ನು ಯಾವ ಅಧ್ಯಾಪಕ ಮರೆತಾನು? ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸೋಣ ಎಂದರು ಕೆಲವರು. ನಾನು ವಾದಕ್ಕೆ ಹೋಗಲಿಲ್ಲ. ತರಗತಿಯ ಗೋಡೆಯ ಹತ್ತಿರ ಒಂದು ಎಸಳೂ ಬೇಡ, ಮೈದಾನದ ಕೆಳಗಿನ ಬರೆಯ ಅಂಚಿನಲ್ಲಿ ಮಾತ್ರ ನೆಡುತ್ತೇನೆ, ಅಲ್ಲಿಗೆ ಮಕ್ಕಳನ್ನು ಒಬ್ಬೊಬ್ಬರೇ ಬಿಡುವುದಿಲ್ಲ ಅಂದೆ. ಒಪ್ಪಿದರು. ಅಲ್ಲಿ ಪ್ರತಿ ಮಳೆಗಾಲವೂ ಮಣ್ಣು ಜರಿಯುತ್ತಿತ್ತು, ತಡೆಗೋಡೆಗೆ ದುಡ್ಡಿರಲಿಲ್ಲ.

ಬರೆಯ ಅಡ್ಡಕ್ಕೆ ಸಾಲಾಗಿ, ನಾಲ್ಕೈದು ಇಂಚಿಗೊಂದರಂತೆ ಲಾವಂಚದ ಸಸಿ ಊರಿದೆವು. ಮೊದಲ ವರ್ಷ ಏನೂ ಕಾಣಲಿಲ್ಲ, ನಡುವೆ ಸತ್ತ ಕಡೆ ಮತ್ತೆ ಊರಬೇಕಾಯಿತು. ಎರಡನೇ ಮಳೆಗಾಲದಲ್ಲಿ ಇಳಿದುಬಂದ ಕೆಂಪು ಮಣ್ಣು ಸಾಲಿನ ಹಿಂದೆ ನಿಂತಿತು. ಒಳ್ಳೆಯ ಮಣ್ಣಿನಲ್ಲಿ ಇದರ ಬೇರು ಮೂರು ಮೀಟರಿನಷ್ಟು ನೇರ ಕೆಳಗಿಳಿಯುತ್ತದೆ. ನಮ್ಮ ಮುರಕಲ್ಲಿನಲ್ಲಿ ಅಷ್ಟು ಸಾಧ್ಯವಿಲ್ಲ, ಸಂದು ಹುಡುಕಿಕೊಂಡು ಹೋಗುತ್ತದೆ ಅಷ್ಟೆ. 1980ರ ದಶಕದಲ್ಲಿ ವಿಶ್ವಬ್ಯಾಂಕಿನವರು ಮಣ್ಣು ಉಳಿಸಲು ಲಾವಂಚ ನೆಡಿ ಎಂದು ಪ್ರಚಾರ ಮಾಡಿದರು. ಗುಂಡ್ಲುಪೇಟೆಯ ರೈತರು ಅದಕ್ಕೆ ಬಹಳ ಮೊದಲೇ ತಮ್ಮ ಹೊಲಗಳ ಅಂಚಿನಲ್ಲಿ ಇದನ್ನೇ ಬೆಳೆಸಿಕೊಂಡಿದ್ದರು.

ಕೆಲಸ ವರ್ಷಕ್ಕೊಮ್ಮೆ ಮಾತ್ರ. ಜೂನ್ ಮೊದಲ ವಾರ ಒಂದು ಗೇಣು ಬಿಟ್ಟು ಕತ್ತರಿಸುವುದು, ಕತ್ತರಿಸಿದ್ದನ್ನು ತೆಂಗಿನ ಬುಡಕ್ಕೆ ಹಾಕುವುದು. ಮಜ್ಜಿಗೆಹುಲ್ಲನ್ನು ಎರಡು ಮೂರು ವರ್ಷಕ್ಕೊಮ್ಮೆ ಬುಡ ಬಿಡಿಸಿ ಬೇರೆ ಕಡೆ ನೆಡಬೇಕು, ಇಲ್ಲವಾದರೆ ನಡುವೆ ಸಾಯುತ್ತದೆ. ಅದರ ಎಸಳು ಕೈ ಕೊಯ್ಯುತ್ತದೆ, ಹಾಗಾಗಿ ಕತ್ತಿ ನನ್ನ ಕೈಯಲ್ಲೇ. ಮಕ್ಕಳು ಹೊರುವವರು.

ಅದೇ ವಾರ ಇನ್ನೊಂದು ಎಣಿಕೆಯೂ ಇರುತ್ತದೆ. ಶಾಲೆ ತೆರೆದ ಆರನೇ ಕೆಲಸದ ದಿನ ಮಕ್ಕಳ ತಲೆ ಎಣಿಸಿ ಡಿವಿಷನ್, ಹುದ್ದೆ ತೀರ್ಮಾನಿಸುತ್ತಾರೆ. ಕಳೆದ ಸಲ ಒಂದನೇ ತರಗತಿಯ ಕನ್ನಡಕ್ಕೆ ಸೇರಿದವರು ಏಳು ಮಂದಿ. ಸಂಖ್ಯೆ ಇನ್ನೂ ಇಳಿದರೆ ನಾನು ಬೇರೆ ಶಾಲೆಗೆ ಹೋಗಬೇಕಾದೀತು. ದಾಸವಾಳದ ತೋಟವಾಗಿದ್ದರೆ ನನ್ನ ಹಿಂದೆಯೇ ಒಣಗುತ್ತಿತ್ತು. ಇದು ಒಣಗದು. ಆದರೆ ಹೆಸರು?

ಹುಲ್ಲಿನ ಸಾಲಿನಲ್ಲಿ ಮಕ್ಕಳೇ ಬರೆದ ಹಲಗೆಗಳಿವೆ, ಕನ್ನಡ ಮೇಲೆ, ಮಲಯಾಳ ಕೆಳಗೆ. ಮೊನ್ನೆ ಮಲಯಾಳ ಡಿವಿಷನ್‌ನ ಹುಡುಗಿಯೊಬ್ಬಳು "ಲಾ... ವಂ... ಚ" ಎಂದು ನಮ್ಮ ಮಕ್ಕಳಿಂದ ಓದಿಸಿಕೊಳ್ಳುತ್ತಿದ್ದಳು. "ತಪ್ಪು ಏನು ಮಾಡಿದ್ದೇವೆ" ಎಂದು ಕೇಳಿದ್ದ ಹುಡುಗ ಈಗ ದೊಡ್ಡ ತರಗತಿಯಲ್ಲಿದ್ದಾನೆ. ಒಂದು ಗೇಣು ಎಂದರೆ ಎಷ್ಟು ಅಂತ ಸಣ್ಣವರಿಗೆ ಕೈ ಚಾಚಿ ತೋರಿಸುವವನು ಅವನೇ.

ಲಾವಂಚದ ಸಸಿ ಬೇಕಾದವರು ಜೂನ್‌ನಲ್ಲಿ ಬನ್ನಿ. ಒಂದು ಹಿಡಿ ಕೊಟ್ಟು ಕಳಿಸುತ್ತೇನೆ. ನಿಮ್ಮ ಕಡೆ ಅದಕ್ಕೆ ಏನು ಹೆಸರು ಅಂತ ಮಾತ್ರ ಹೇಳಿ ಹೋಗಬೇಕು.