ಅರ್ಧಕ್ಕೆ ನಿಂತ ಪದ

2015ರ ಅಡಿಕೆ ಕೊಯ್ಲಿನ ಕಾಲ. ಅಂಗಳದ ಮೂಲೆಯಲ್ಲಿ ಅಡಿಕೆ ಬೇಯುವ ಹಂಡೆ, ಅದರ ಬೆಂಕಿಯ ಬಿಸಿ ತಾಗುವಷ್ಟು ಹತ್ತಿರದಲ್ಲಿ ಮೆಟ್ಟುಕತ್ತಿಯಲ್ಲಿ ಸುಲಿಯಲು ಕೂತ ಎಂಟು ಹತ್ತು ಜನ. ಚಿಕ್ಕಪ್ಪನ ಕೈಯಲ್ಲಿ ಹೊಸ ಮೊಬೈಲು. ದೊಡ್ಡಮ್ಮನಿಗೆ ಕಾಳಿಂಗ ನಾವಡರ ಯಕ್ಷಗಾನ ಭಾಗವತಿಕೆ ಕೇಳುವ ಆಸೆ.

ಆಗ ಒಂದು ಜಿಬಿ ಡೇಟಾಕ್ಕೆ ಸುಮಾರು 250 ರೂಪಾಯಿ. ತಿಂಗಳಿಡೀ ಅದರಲ್ಲೇ ಸುಧಾರಿಸಬೇಕು. ಪ್ಯಾಕ್ ಮುಗಿದದ್ದು ಗೊತ್ತಾಗದೆ ನೆಟ್ ಆನ್ ಇಟ್ಟರಂತೂ ಮಾತಿಗೆಂದು ಇಟ್ಟ ಬ್ಯಾಲೆನ್ಸೂ ಬೆಳಗಾಗುವುದರೊಳಗೆ ಸೊನ್ನೆ. ಹಾಗಾಗಿ ಪೇಟೆಗೆ ಹೋದವರು ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡ್ ಕೊಟ್ಟು, ಹಾಡು, ಸಿನಿಮಾ ತುಂಬಿಸಿಕೊಂಡು ಬರುತ್ತಿದ್ದರು. ಅಂಗಡಿಯವನಿಗೆ ಯಾವುದು ಇಷ್ಟವೋ ಅದೇ ಊರಿಗೆಲ್ಲ ಇಷ್ಟ!

ನಾವಡರ ಪದ ಅವನಲ್ಲಿ ಇರಲಿಲ್ಲ. ಚಿಕ್ಕಪ್ಪ ಧೈರ್ಯ ಮಾಡಿ ಯೂಟ್ಯೂಬ್ ತೆರೆದ. ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಸುಲಿಯುವ ಕೈಗಳೆಲ್ಲ ನಿಂತವು. ಕೊನೆಗೂ ಬಂತು ಆ ಕಂಠ. ಪದ ಏರುತ್ತಿದ್ದಾಗ ಚಿಕ್ಕಪ್ಪ ಟಪ್ಪೆಂದು ಆರಿಸಿದ.

"ಸಾಕು ಅತ್ತಿಗೆ, ದುಡ್ಡು ಹೋಗ್ತದೆ."

"ಪದ ಹೇಳಿದವ್ರು ತೀರಿಕೊಂಡು ಇಪ್ಪತ್ತೈದು ವರ್ಷ ಆತು ಮಾರಾಯ. ಈಗ ದುಡ್ಡು ಯಾರಿಗೆ?"

ಯಾರ ಬಳಿಯೂ ಉತ್ತರವಿರಲಿಲ್ಲ. ನಕ್ಕೆವು, ಮತ್ತೆ ಸುಲಿದೆವು.

ಮರುವರ್ಷ ಸೆಪ್ಟೆಂಬರ್ 5ಕ್ಕೆ ಜಿಯೋ ಬಂತು. ಡೇಟಾ ಪುಕ್ಕಟೆ. ಚಿಕ್ಕಪ್ಪ ಶಿವಮೊಗ್ಗದಲ್ಲಿ ಆಧಾರ್ ಹಿಡಿದು ಸಾಲಿನಲ್ಲಿ ನಿಂತು ಸಿಮ್ ತಂದ. ಆದರೆ ಸಿಗ್ನಲ್ ಸಿಗುತ್ತಿದ್ದದ್ದು ಗುಡ್ಡದ ತಿರುವಿನ ಹಲಸಿನ ಮರದ ಕೆಳಗೆ ಮಾತ್ರ. ಆ ಸಲ ಹುಡುಗರೆಲ್ಲ ಬೆಂಕಿ ಬಿಟ್ಟು ಮರದಡಿ. ಸುಲಿಯಲು ಉಳಿದವರು ನಾವು ನಾಲ್ಕೇ ಜನ. ಪುಕ್ಕಟೆಯ ಬೆಲೆ ತೆತ್ತದ್ದು ಅಡಿಕೆ ಅಂತ ಅಪ್ಪ ಗೊಣಗುತ್ತಿದ್ದ.

2017ರ ಮಾರ್ಚ್ ಕಳೆದ ಮೇಲೆ ದುಡ್ಡು ಕೊಡಬೇಕಾಯಿತು. 99 ರೂಪಾಯಿ ಕೊಟ್ಟು ಸದಸ್ಯರಾಗಿ 303 ರೂಪಾಯಿ ಹಾಕಿಸಿದರೆ 28 ದಿನ, ದಿನಕ್ಕೊಂದು ಜಿಬಿ. ಉಳಿದ ಕಂಪನಿಗಳೂ ದರ ಇಳಿಸಿದವು. ನನಗೆ ಕುತೂಹಲ ಹುಟ್ಟಿಸಿದ್ದು ದರಕ್ಕಿಂತ ಆ 'ದಿನಕ್ಕೆ' ಅನ್ನುವ ಲೆಕ್ಕ. ತಿಂಗಳಿಗೊಂದು ಜಿಬಿ ಇದ್ದಾಗ ಉಳಿಸುವುದೇ ಜಾಣತನ. ದಿನಕ್ಕೊಂದು ಸಿಕ್ಕಿ, ಮಿಕ್ಕದ್ದು ಮರುದಿನಕ್ಕೆ ಬಾರದು ಅಂದಾಗ ಉಳಿಸಿದವನೇ ದಡ್ಡ. ನೀರುಮಜ್ಜಿಗೆಯನ್ನೂ ಅಳೆದು ಬಡಿಸುವ ನಮ್ಮ ಚಿಕ್ಕಪ್ಪನೂ ಬದಲಾದ.

ಆ ವರ್ಷದ ಸುಗ್ಗಿ ಹೊತ್ತಿಗೆ ಮನೆಯಂಗಳಕ್ಕೂ ಸಿಗ್ನಲ್ ಬಂದಿತ್ತು. ಒಂದು ರಾತ್ರಿ ಹನ್ನೊಂದೂವರೆ. ಹಂಡೆಯ ಕೆಳಗೆ ಕೆಂಡ ಮಾತ್ರ. ಮೊಬೈಲಿನಲ್ಲಿ ನಾವಡರು ಎರಡು ತಾಸಿನಿಂದ ಹಾಡುತ್ತಲೇ ಇದ್ದರು.

"ಅತ್ತಿಗೆ, ಇನ್ನೂ ಅರ್ಧ ಜಿಬಿ ಉಂಟು. ಹನ್ನೆರಡಾದ್ರೆ ಹಾಳಾಗ್ತದೆ. ಇನ್ನೊಂದು ಪದ ಹಾಕ್ಲಾ?"

ದೊಡ್ಡಮ್ಮ ಅಡಿಕೆ ಚೀಲಕ್ಕೆ ಒರಗಿ ಆಗಲೇ ಗೊರಕೆ ಹೊಡೆಯುತ್ತಿದ್ದಳು.