ಗುಳಿಗೆಯೇ ತರುವ ತಲೆನೋವು

ಖಾನಾಪುರದಿಂದ ಬೆಳಗಾವಿ ಏನು ಮಹಾ ದೂರ! ಆದರೆ ಮೈಗ್ರೇನ್ ಎದ್ದವರಿಗೆ ಕಿಟಕಿಯ ಬಿಸಿಲು, ಡೀಸೆಲ್ ವಾಸನೆ, ಹಾರ್ನ್ ಸದ್ದಿನ ಬಸ್ಸೇ ದೊಡ್ಡ ಶಿಕ್ಷೆ. ಹಾಗಾಗಿ ಎಷ್ಟೋ ಮಂದಿ ಊರಿನ ಮೆಡಿಕಲ್ ಶಾಪಿನ ಗುಳಿಗೆಯಲ್ಲೇ ದಿನ ದೂಡುತ್ತಾರೆ.

ತೊಡಕು ಅಲ್ಲೇ ಇದೆ. ನೋವಿನ ಗುಳಿಗೆ ತಿಂಗಳಿಗೆ 10–15 ದಿನ ದಾಟಿ, ತಿಂಗಳುಗಟ್ಟಲೆ ನಡೆದರೆ ಅದೇ ತಲೆನೋವು ತರಬಲ್ಲದು.

ನಿಮ್ಹಾನ್ಸ್ ತಜ್ಞರು ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ 2,329 ಜನರನ್ನು ಮಾತಾಡಿಸಿದಾಗ, ವರ್ಷದೊಳಗೆ ಮೈಗ್ರೇನ್ ಕಂಡವರು ಹತ್ತಿರಹತ್ತಿರ ನಾಲ್ವರಲ್ಲಿ ಒಬ್ಬರು.

ತಿಂಗಳಲ್ಲಿ ಅರ್ಧದಷ್ಟು ದಿನ ತಲೆ ಸಿಡಿಯುವವರಿಗೆ ವೈದ್ಯರು ಬರೆದುಕೊಡುವ ತಡೆ ಔಷಧ ಬೇಕು. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್ ಹಳೆಯವು, ಅಗ್ಗದವು (ಆಸ್ತಮಾ ಇದ್ದವರಿಗೆ ಮೊದಲನೆಯದು ಆಗಿಬರದು). ಗುಣ ಕಾಣಲು ಎರಡು ತಿಂಗಳಾದರೂ ಬೇಕು. ಎಂಟು ದಿನಕ್ಕೇ ‘ನಾಟಲಿಲ್ಲ’ ಎಂದು ಬಿಡುವವರುಂಟು. ಬೆಳಗಾವಿಯ ನರರೋಗ ತಜ್ಞರಲ್ಲಿಗೆ ಹೋಗುವಾಗ ದಪ್ಪ ಫೈಲಿಗಿಂತ ಗೋಡೆಯ ಕ್ಯಾಲೆಂಡರೇ ಹೆಚ್ಚು ಕೆಲಸಕ್ಕೆ ಬಂದೀತು: ನೋವಿನ ದಿನಕ್ಕೊಂದು ಗುರುತು, ಗುಳಿಗೆ ನುಂಗಿದ ದಿನಕ್ಕೆ ಇನ್ನೊಂದು.