ಎರಡು ಕಣ್ಣು ಕಮ್ಮಿ ಇದ್ದರೂ ನಡೆದೀತು

ನಮ್ಮ ಬನಹಟ್ಟಿಯಲ್ಲಿ ಹೊಸ ಫೋನ್ ತಂದವನಿಗೆ ಕಂಪನಿ ಯಾವುದೆಂದು ಮೊದಲು ಯಾರೂ ಕೇಳುವುದಿಲ್ಲ. ‘ಎಷ್ಟಕ್ಕ ಬಿತ್ತು?’ ಅನ್ನುತ್ತಾರೆ. 18 ಸಾವಿರ ಕೊಟ್ಟು ತಂದವನು 15 ಅನ್ನುತ್ತಾನೆ. ಹೆಚ್ಚು ಕೊಟ್ಟು ಬಂದ ದಡ್ಡ ಅನ್ನಿಸಿಕೊಳ್ಳುವುದು ನೇಕಾರರ ಓಣಿಯಲ್ಲಿ ಸಣ್ಣ ಅವಮಾನವಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಕ್ಕನ ಮಗ ಹೇಳುವ ಪ್ರಕಾರ ಅಲ್ಲಿ ಲೆಕ್ಕ ತಿರುವುಮುರುವು. ಕಂತಿನಲ್ಲಿ ತಂದ ಫೋನಿನ ಬೆಲೆಯನ್ನು ಕೇಳದಿದ್ದರೂ ಹೇಳುತ್ತಾರಂತೆ.

ರಬಕವಿ-ಬನಹಟ್ಟಿ ಎಂದರೆ ಸೀರೆ. ಕಿವಿಗೆ ಮಗ್ಗದ ಸದ್ದು ಬೀಳದಿದ್ದರೆ ನಮಗೆ ನಿದ್ದೆಯೇ ಹತ್ತುವುದಿಲ್ಲ. ಒಂದು ಸೀರೆ ಮುನ್ನೂರಕ್ಕೆ ಏಕೆ, ಇನ್ನೊಂದು ಮೂರು ಸಾವಿರಕ್ಕೆ ಏಕೆ ಎಂಬುದು ಇಲ್ಲಿಯ ಮಕ್ಕಳಿಗೂ ಗೊತ್ತು: ನೂಲು ಯಾವುದು, ಬಣ್ಣ ನಿಲ್ಲುತ್ತದೋ ಇಲ್ಲವೋ, ಸೆರಗಿಗೆ ಎಷ್ಟು ಹೊತ್ತಿನ ಕೆಲಸ ಹಿಡಿದಿದೆ. ಬೆಲೆಯನ್ನು ಎಳೆ ಎಳೆಯಾಗಿ ಬಿಡಿಸಬಲ್ಲ ಈ ಜನಕ್ಕೆ ಫೋನಿನ ಬೆಲೆ ಮಾತ್ರ ಒಗಟಾಗಿಯೇ ಉಳಿದಿದೆ. ‘12 ಸಾವಿರದ್ದರಾಗೂ ಮಾತ ಕೇಳಸ್ತೈತಿ, 80 ಸಾವಿರದ್ದರಾಗೂ ಅದ ಮಾತ ಕೇಳಸ್ತೈತಿ. ಉಳದ 68 ಎಲ್ಲಿ ಹೋತೋ ತಮ್ಮಾ?’ ಎಂದು ಅಪ್ಪ ಕೇಳುತ್ತಾರೆ. ತಮಾಷೆಗೆ ಕೇಳುವುದಲ್ಲ.

ಅಪ್ಪನ ಲೆಕ್ಕ ಶುರುವಾಗುವುದು ಎಸ್‌ಟಿಡಿ ಬೂತಿನಿಂದ. ನೂಲಿನ ಸಾವ್ಕಾರರಿಗೆ ಫೋನ್ ಮಾಡಬೇಕೆಂದರೆ ರಾತ್ರಿ ದರ ಇಳಿಯುವವರೆಗೆ ಕಾಯುತ್ತಿದ್ದರು. ಹಳದಿ ಬೋರ್ಡಿನ ಕೆಳಗೆ ಬೀಡಿ ಸೇದುತ್ತ ನಿಂತ ಸಾಲಿನಲ್ಲಿ ಅವರೂ ಒಬ್ಬರು. 1995ರ ಜುಲೈ 31ರಂದು ಕೋಲ್ಕತ್ತದಿಂದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರೊಂದಿಗೆ ದೇಶದ ಮೊದಲ ಮೊಬೈಲ್ ಮಾತು ಆಡಿದಾಗ ನಮ್ಮ ಓಣಿಗೆ ಅದರ ಗಾಳಿಯೂ ತಾಗಲಿಲ್ಲ. ಆಗ ಮಾತಾಡಿದವನೂ ದುಡ್ಡು ಕೊಡಬೇಕು, ಕೇಳಿಸಿಕೊಂಡವನೂ ಕೊಡಬೇಕು. 2003ರಲ್ಲಿ ಒಳಬರುವ ಕರೆ ಪುಕ್ಕಟೆಯಾಯಿತು. ಅದೇ ವರ್ಷ ನೋಕಿಯಾ 1100 ಬಂತು. ಅಪ್ಪನ ಮೊದಲ ಫೋನ್ ಅದೇ.

ಆ ಫೋನಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಧೂಳು ಒಳಗಿಳಿಯದಂತೆ ಮುಚ್ಚಿದ ಗುಂಡಿಗಳು, ಬೆವರಿದ ಕೈಯಿಂದ ಜಾರದಂಥ ಅಂಚು, ತಲೆಯಲ್ಲೊಂದು ಟಾರ್ಚು. ಮಗ್ಗದ ಮನೆಯಲ್ಲಿ ನೂಲಿನ ಧೂಳು ರೆಪ್ಪೆಯ ಮೇಲೂ ಕೂರುತ್ತದೆ. ಆದರೂ ಅದರ ಗುಂಡಿ ಕೈಕೊಡಲಿಲ್ಲ. ಕರೆಂಟ್ ಹೋದರೆ ಪಾವರ್‌ಲೂಮ್ ನಿಲ್ಲುತ್ತದೆ. ಹಾಸಿನಲ್ಲಿ ಕಡಿದ ಎಳೆಗಳನ್ನು ಹುಡುಕಿ ಕಟ್ಟಲು ಅದೇ ಹೊತ್ತು. ಅಪ್ಪ ಫೋನನ್ನು ಹಲ್ಲಿನಲ್ಲಿ ಕಚ್ಚಿ, ಬೆಳಕು ಬಿಟ್ಟು, ಎರಡೂ ಕೈಯಿಂದ ಎಳೆ ಹೊಸೆದು ಗಂಟು ಹಾಕುತ್ತಿದ್ದರು. ನಡುವೆ ಯಾರಾದರೂ ಫೋನ್ ಮಾಡಿದರೆ ಅದು ಬಾಯಲ್ಲೇ ಗುಂಯ್‌ಗುಟ್ಟುತ್ತಿತ್ತು. ಜಗತ್ತಿನಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾದ ಫೋನು ಅದು. ಅದರ ಮೇಲೆ ಹಲ್ಲಿನ ಗುರುತು ಮೂಡಿಸಿದವರು ಎಷ್ಟು ಜನರೋ!

2008ರ ಆಗಸ್ಟಿನಲ್ಲಿ ಐಫೋನ್ ನಮ್ಮ ದೇಶಕ್ಕೆ ಬಂತು, ಬೆಲೆ 31 ಸಾವಿರ. ಅದೇ ವರ್ಷ ಮೈಕ್ರೋಮ್ಯಾಕ್ಸ್ ಕಂಪನಿ ಒಮ್ಮೆ ಚಾರ್ಜ್ ಮಾಡಿದರೆ 30 ದಿನ ಇರುತ್ತದೆ ಎಂದು ಹೇಳಿಕೊಂಡು ಎಕ್ಸ್1ಐ ಎಂಬ ಫೋನ್ ತಂದಿತು. ಬಂಗಾಳದ ಕರೆಂಟಿಲ್ಲದ ಊರೊಂದರಲ್ಲಿ ಲಾರಿ ಬ್ಯಾಟರಿಯಿಂದ ಟೆಲಿಫೋನ್ ಬೂತ್ ನಡೆಸುವವನನ್ನು ಕಂಡು ಹೊಳೆದ ಉಪಾಯವಂತೆ. ಲೋಡ್‌ಶೆಡ್ಡಿಂಗ್ ಉಂಡು ಬೆಳೆದ ನಮಗೆ ಆ ಎರಡರಲ್ಲಿ ಯಾವುದು ದೊಡ್ಡದಾಗಿ ಕಂಡಿತೆಂದು ಬೇರೆ ಹೇಳಬೇಕಿಲ್ಲ.

ನನ್ನ ತಕರಾರು ಇರುವುದು ಇಲ್ಲಿ. ಆಗಿನ ಅಗ್ಗದ ಫೋನನ್ನು ನಮ್ಮ ಬದುಕು ನೋಡಿ ಮಾಡಿದ್ದರು. ಈಗಿನದನ್ನು ದುಬಾರಿ ಫೋನ್ ನೋಡಿ ಮಾಡುತ್ತಾರೆ. 2014ರಲ್ಲಿ ಗೂಗಲ್ ಕಂಪನಿ ಆಂಡ್ರಾಯ್ಡ್ ಒನ್ ಹೆಸರಿನಲ್ಲಿ 6,399 ರೂಪಾಯಿಯ ಫೋನುಗಳನ್ನು ಭಾರತದಲ್ಲೇ ಮೊದಲು ಇಳಿಸಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ನೀರಿನಂತೆ ಹರಿಯಿತು. ಅಲ್ಲಿಂದ ಮುಂದೆ ಎಲ್ಲರ ಕೈಗೂ ಗಾಜಿನ ಫಲಕ. ಈಗ 10-12 ಸಾವಿರದ ಫೋನನ್ನು ತಿರುವಿ ನೋಡಿ, ಬೆನ್ನಿಗೆ ಮೂರು-ನಾಲ್ಕು ಕಣ್ಣು. ಎಷ್ಟೋ ಫೋನುಗಳಲ್ಲಿ ನಿಜವಾಗಿ ಫೋಟೊ ತೆಗೆಯುವುದು ಒಂದೇ. ಉಳಿದ 2 ಮೆಗಾಪಿಕ್ಸೆಲಿನವು ಮದುವೆಗೆ ಬಂದು ಉಂಡು ಹೋಗುವ ದೂರದ ಬೀಗರು. ಆ ದುಡ್ಡಿನಲ್ಲಿ ಬ್ಯಾಟರಿ ಬದಲಿಸಲು ಸುಲಭವಾಗುವಂತೆ ಮಾಡಬಹುದಿತ್ತು, ಧೂಳು ತಡೆಯಬಹುದಿತ್ತು. ಮಾಡುವುದಿಲ್ಲ. ಅಂಗಡಿಯ ಗಾಜಿನ ಕಪಾಟಿನಲ್ಲಿ ಕಾಣುವುದು ಕಣ್ಣೇ ಅಲ್ಲವೆ?

ಹಾಗೆಂದು ಅಗ್ಗದ್ದು ಕೆಲಸಕ್ಕೆ ಬಾರದ್ದು ಅನ್ನುವ ಹಾಗಿಲ್ಲ. ಮುಧೋಳದಲ್ಲಿ ಕಬ್ಬು ಬೆಳೆಯುವ ಸೋದರಮಾವನ ಕಿಸೆಯಲ್ಲಿ ಇರುವುದು 11 ಸಾವಿರದ್ದು. ರಾತ್ರಿ ತ್ರೀ ಫೇಸ್ ಬಂದಾಗ ಹಾಸಿಗೆಯಲ್ಲಿ ಮಲಗಿಯೇ ಬೋರಿನ ಮೋಟರಿಗೆ ರಿಂಗ್ ಕೊಡುತ್ತಾನೆ; ಪೆಟ್ಟಿಗೆಯೊಳಗಿನ ಸಿಮ್ ಎತ್ತಿಕೊಂಡು ಮೋಟರ್ ಚಾಲೂ ಮಾಡುತ್ತದೆ. ಮೊದಲು ಹಾವು-ಚೇಳಿನ ನಡುವೆ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗುತ್ತಿದ್ದವನು. 2020ರಿಂದ ಬೆಳೆ ಸಮೀಕ್ಷೆಯ ಆ್ಯಪಿನಲ್ಲಿ ರೈತರೇ ತಮ್ಮ ಬೆಳೆ ದಾಖಲಿಸಬಹುದಾಗಿದೆ. ಹೊಲದಲ್ಲಿ ನಿಂತು ಕಬ್ಬಿನ ಫೋಟೊ ಹೊಡೆಯುವುದಕ್ಕೂ ಅದೇ ಫೋನ್. ‘ಕಾಲುವಿಯೊಳಗ ಬಿದ್ರ 11 ಹೋತು ಅಂತ ಬಯ್ಕೊಂತ ಮನಿಗೆ ಬರ್ತೀನಿ. 80 ಬಿದ್ರ ನಾನೂ ಹಿಂದ ಹಾರಬೇಕಾಕ್ಕೈತಿ’ ಅನ್ನುತ್ತಾನೆ ಮಾವ. ಬೆಲೆ ಹೆಚ್ಚಿದಂತೆ ಹೆದರಿಕೆಯೂ ಹೆಚ್ಚುತ್ತದೆ ಎಂಬುದನ್ನು ಯಾವ ಜಾಹೀರಾತೂ ಹೇಳುವುದಿಲ್ಲ.

ದುಬಾರಿ ಫೋನು ದುಡಿದು ತೋರಿಸಬೇಕಾದ ಜಾಗ ಸೀರೆಯ ವ್ಯಾಪಾರವೇ. ಈಗ ಸೋಲಾಪುರ, ಕೊಲ್ಹಾಪುರದ ಗಿರಾಕಿಗೆ ವಾಟ್ಸ್‌ಆ್ಯಪಿನಲ್ಲಿ ಫೋಟೊ ಹೋಗದಿದ್ದರೆ ಮಾಲು ಏಳುವುದಿಲ್ಲ. ಸಂಜೆ ಟ್ಯೂಬ್‌ಲೈಟಿನ ಕೆಳಗೆ ಅಗ್ಗದ ಫೋನಿನಲ್ಲಿ ತೆಗೆದರೆ ಕುಂಕುಮ ಬಣ್ಣವೂ ರಾಣಿ ಬಣ್ಣವೂ ಅಕ್ಕ-ತಂಗಿಯರಾಗಿ ಬಿಡುತ್ತವೆ. ನಮ್ಮ ಕಾಕಾನ ಮಗ ಇದಕ್ಕೆಂದೇ 70 ಸಾವಿರ ಸುರಿದ. ಫೋಟೊ ನಿಜಕ್ಕೂ ಚೆಂದ ಬಂದವು. ಸೆರಗಿನ ಒಂದೊಂದು ಎಳೆಯೂ ಎಣಿಸಬಹುದು. ಆದರೆ ಆ ಕಡೆಯ ಗಿರಾಕಿ ನೋಡುವುದು ತನ್ನ 9 ಸಾವಿರದ ಫೋನಿನ ಪರದೆಯಲ್ಲಿ! ಅಲ್ಲಿ ಬಣ್ಣ ಮತ್ತೆ ಬೇರೆ. ಕೊನೆಗೆ ಸೀರೆ ವಾಪಸ್ ಬರುವುದು ಕಡಿಮೆಯಾಗಿದ್ದು ಅವನು ಬೆಳಿಗ್ಗೆ ಮಾಳಿಗೆ ಏರಿ ಬಿಸಿಲಿಗೆ ಸೀರೆ ಹರವಿ ಫೋಟೊ ತೆಗೆಯಲು ಹಿಡಿದ ಮೇಲೆ. ಬಿಸಿಲಿನಲ್ಲಿ ಅವನ ಹಳೆಯ ಫೋನೂ ತಕ್ಕಮಟ್ಟಿಗೆ ಅಷ್ಟೇ ಚೆಂದ ತೆಗೆಯುತ್ತದೆ. ಇದನ್ನು ಅವನ ಮುಂದೆ ಹೇಳಿದರೆ ಚಹಾ ಸಿಗುವುದಿಲ್ಲ.

ಅಕ್ಕನದು ಬೀಳಗಿ ತಾಲ್ಲೂಕು. ಆಲಮಟ್ಟಿ ಹಿನ್ನೀರಿಗೆ ಊರು ಹೋಗಿ ಪುನರ್ವಸತಿ ಕೇಂದ್ರದಲ್ಲಿ ಮನೆ. ಅಲ್ಲಿ ಬೇವಿನ ಗಿಡದ ಬುಡಕ್ಕೆ ಹೋದರೆ ಮಾತ್ರ ರೇಂಜ್. ರಜೆಗೆ ಬಂದ ಮಗನ ಲಕ್ಷದ ಫೋನೂ ಅಕ್ಕನ ಹಳೆಯ ಫೋನೂ ಅದೇ ಗಿಡದ ಕೆಳಗೆ ಸರದಿಗೆ ನಿಲ್ಲುತ್ತವೆ.

ಇಷ್ಟಾದರೂ ಅಕ್ಕನ ಮಗನ ವಾದದಲ್ಲಿ ಹುರುಳಿದೆ. ‘ಮಾಮಾ, ವರ್ಷದ ಲೆಕ್ಕಾ ಹಾಕ್ರಿ’ ಅನ್ನುತ್ತಾನೆ. ಗೂಗಲ್ 2023ರಲ್ಲಿ ಪಿಕ್ಸೆಲ್ 8ಕ್ಕೆ, ಸ್ಯಾಮ್‌ಸಂಗ್ 2024ರಲ್ಲಿ ಗ್ಯಾಲಕ್ಸಿ ಎಸ್24ಕ್ಕೆ 7 ವರ್ಷ ಅಪ್‌ಡೇಟ್ ಕೊಡುವುದಾಗಿ ಹೇಳಿವೆ. 80 ಸಾವಿರವನ್ನು 7ರಿಂದ ಭಾಗಿಸಿದರೆ ವರ್ಷಕ್ಕೆ ಹನ್ನೊಂದೂವರೆ ಸಾವಿರದ ಹತ್ತಿರ. 12 ಸಾವಿರದ್ದು ಮೂರು ವರ್ಷ ಬಾಳಿದರೆ ವರ್ಷಕ್ಕೆ 4 ಸಾವಿರ. ಲೆಕ್ಕದಲ್ಲಿ ನಾನೇ ಗೆದ್ದೆ ಅಂದೆ. ‘ಅಪ್‌ಡೇಟ್ ನಿಂತ ಫೋನಿನ್ಯಾಗ ಬ್ಯಾಂಕಿನ ರೊಕ್ಕಾ ಇಡೂದು ಕದಾ ತೆಗದ ಮಲಗಿದಂಗ’ ಅಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಎಲ್ಲರ ದುಡ್ಡೂ ಈಗ ಫೋನಿನೊಳಗೇ ಓಡಾಡುತ್ತದೆ.

ಅಗ್ಗದಲ್ಲೂ ತೀರ ಅಗ್ಗದ್ದು, ಆರೇಳು ಸಾವಿರದ್ದು, ಎಲ್ಲಕ್ಕಿಂತ ತುಟ್ಟಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅವುಗಳಲ್ಲಿ ಹಾಕುವ ಇ-ಎಂಎಂಸಿ ಎಂಬ ಮೆಮೊರಿ ಒಂದು ಹೊತ್ತಿಗೆ ಓದಬಲ್ಲದು ಇಲ್ಲವೇ ಬರೆಯಬಲ್ಲದು, ಎರಡನ್ನೂ ಒಟ್ಟಿಗೆ ಮಾಡಲಾರದು. ಮೇಲಿನ ದರ್ಜೆಯ ಯುಎಫ್‌ಎಸ್ ಮೆಮೊರಿ ಎರಡನ್ನೂ ಏಕಕಾಲಕ್ಕೆ ಮಾಡುತ್ತದೆ. ಶುಭೋದಯದ ಹೂವಿನ ಚಿತ್ರಗಳೂ ಭಜನೆಯ ವಿಡಿಯೊಗಳೂ ತುಂಬಿಕೊಂಡ ಮೇಲೆ ಅಂಥ ಫೋನು ಒಂದು ಮುಟ್ಟಿಗೆ ಉತ್ತರ ಕೊಡುವಷ್ಟರಲ್ಲಿ ಚಹಾ ಕುದಿದಿರುತ್ತದೆ. ಎರಡನೆಯ ವರ್ಷಕ್ಕೆ ಮತ್ತೊಂದು ಬೇಕು.

ರಿಪೇರಿಯ ಮಾತಿಗೆ ಬಂದರೆ ಅಗ್ಗದ್ದೇ ರಾಜ. ಜಮಖಂಡಿಯ ಪೇಟೆಯಲ್ಲಿ ಹೆಚ್ಚು ಮಾರಾಟವಾಗುವ ಫೋನುಗಳ ಡಿಸ್‌ಪ್ಲೇ ಕೇಳಿದ ತಕ್ಷಣ ಡ್ರಾವರಿನಿಂದ ಹೊರಬರುತ್ತದೆ, ಒಂದು ಗಂಟೆಯ ಕೆಲಸ. ಅಕ್ಕನ ಮಗನ ಫೋನಿನ ಗಾಜು ಒಡೆದಾಗ ಅಲ್ಲಿಯ ಹುಡುಗ ಅದನ್ನು ಎರಡೂ ಕೈಯಲ್ಲಿ ಎತ್ತಿ, ಊದಿ, ಗೌರವದಿಂದ ತಿರುಗಿ ಕೊಟ್ಟ: ‘ಇದನ್ನ ನಾ ಮುಟ್ಟಂಗಿಲ್ರಿ ಅಣ್ಣಾರ, ಬೆಳಗಾವಿಗೆ ಒಯ್ರಿ.’

ಕಳೆದ ದೀಪಾವಳಿಗೆ ಅಪ್ಪನಿಗೆ ಹೊಸ ಫೋನ್ ಕೊಡಿಸಲು ಅದೇ ಪೇಟೆಗೆ ಹೋಗಿದ್ದೆವು. 13 ಸಾವಿರದ ಒಂದನ್ನು ಒಪ್ಪಿದರು. ತಿರುವಿ ನೋಡಿ ಬೆನ್ನಿನ ಮೇಲಿನ ಮೂರು ಕಣ್ಣಿನ ಕಥೆ ಕೇಳಿದರು. ಅಂಗಡಿಯ ಹುಡುಗ ಪ್ರಾಮಾಣಿಕ; ಒಂದೇ ನಡೆಯುತ್ತದೆ, ಉಳಿದವು ಹೆಸರಿಗೆ ಎಂದುಬಿಟ್ಟ.

‘ಹಂಗಾರ ಆ ಎರಡೂ ತಗದ ಇಟ್ಕೊಂಡ ಐನೂರ ಕಮ್ಮಿ ಮಾಡ್ರಿ’ ಅಂದರು ಅಪ್ಪ.

‘ಕಂಪನಿಯವರಿಗೆ ಹೇಳ್ತೀನ್ರಿ ಕಾಕಾರ’ ಅಂತ ಹುಡುಗ ನಕ್ಕ. ಅಪ್ಪ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು. ಅರ್ಧ ತಾಸಿನ ಮೇಲೆ ಮುನ್ನೂರು ಕಮ್ಮಿಯಾಗಿ, ಮೇಲೊಂದು ಗಾಜೂ ಪುಕ್ಕಟೆ ಬಂತು. ಊರಿಗೆ ಬಂದು ಕೇಳಿದವರಿಗೆ 11 ಸಾವಿರ ಎಂದೇ ಹೇಳಿದ್ದಾರೆ.